ಗೋಡೆಯಿಲ್ಲದ ಕೋಟೆ

ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ದಿನವೂ ಇಳಿಯುವ ನಮ್ಮವರಲ್ಲಿ ‘ಆ ಗೇಟು ಎಲ್ಲಿದೆ?’ ಎಂದು ಕೇಳಿದವರು ವಿರಳ. ಫೋರ್ಟಿಗೆ ಒಂದು ಕಾಲಕ್ಕೆ ನಿಜವಾಗಿಯೂ ಕೋಟೆಯಿತ್ತು, ಕಂದಕವಿತ್ತು. ಅಪೋಲೋ, ಚರ್ಚ್, ಬಜಾರ್ ಎಂಬ ಮೂರು ಬಾಗಿಲುಗಳಿದ್ದವು. 1718ರ ಸೇಂಟ್ ಥಾಮಸ್ ಚರ್ಚಿನಿಂದ ಒಂದಕ್ಕೆ ಆ ಹೆಸರು.

1661ರ ವಿವಾಹ ಒಪ್ಪಂದದಂತೆ ಪೋರ್ತುಗೀಜರಿಂದ ಇಂಗ್ಲೆಂಡಿನ ದೊರೆಗೆ ಸಂದ ಮುಂಬಯಿ, 1668ರಲ್ಲಿ ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಗೋಡೆಯೊಳಗೆ ಪೇಟೆ ಬೆಳೆದು ಇಕ್ಕಟ್ಟಾಯಿತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಗೋಡೆಗಳನ್ನು ಕೆಡವಿಸಿದರು. ಚರ್ಚ್ ಬಾಗಿಲಿದ್ದೆಡೆ 1864ರಲ್ಲಿ ಫ್ಲೋರಾ ಕಾರಂಜಿ ಎದ್ದಿತು.

ಅದೇ ಹೊತ್ತಿಗೆ ಅಮೇರಿಕದ ಅಂತರ್ಯುದ್ಧದಿಂದ (1861–65) ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆ ಹತ್ತಿಯಲ್ಲಿ ಧಾರವಾಡ ಸೀಮೆಯದೂ ಇತ್ತು. ಅದನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂಬ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು.

ಹೊಟ್ಟೆಪಾಡಿಗೆ ಬಂದ ಪರಸ್ಥಳದವರೆಂದು ಫೋರ್ಟಿನಲ್ಲಿ ನಾವು ಸಂಕೋಚಪಡಬೇಕಾಗಿಲ್ಲ. ಈ ಊರಿನ ಸಿರಿಯಲ್ಲಿ ನಮ್ಮ ಎರೆನೆಲದ ರೈತನ ಬೆವರೂ ಇದೆ. ಮಕ್ಕಳಿಗೆ ಕಾರಂಜಿ ತೋರಿಸುವಾಗ ಇದನ್ನೂ ಹೇಳೋಣ.