ನವನಗರದಲ್ಲೊಂದು ಮನೆ ಹುಡುಕುತ್ತಾ

ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದರೆ ನನ್ನ ನಾದಿನಿಗೆ ಕಿಟಕಿ ಬದಿಯ ಸೀಟೇ ಆಗಬೇಕು. ಈಗೀಗ ಅವಳು ಹೊರಗೆ ನೋಡುವುದು ಮನೆಗಳನ್ನು ಮಾತ್ರ. "ಭಾಭಿ, ಆ ಹಸಿರು ಗೇಟಿನ ಮನೆ ನೋಡಿ, ಎಷ್ಟಿರಬಹುದು?" ಎನ್ನುತ್ತಾಳೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಇಬ್ಬರು ಮಕ್ಕಳು, ಬಾಡಿಗೆ ಮನೆ. ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೈಗೆ ಬಂದ ಮೇಲೆ ಸ್ವಂತ ಸೂರು ಮಾಡಿಕೊಳ್ಳುವ ಆಸೆ ಅವಳಿಗೆ. ಬಡ್ಡಿಯ ಸಾಲ ಬೇಡವೆಂದು ತೀರ್ಮಾನಿಸಿದ್ದಾಳೆ. ಆದ್ದರಿಂದ ಇದ್ದ ಹಣದಲ್ಲೇ ಆಗಬೇಕು.

ಉಣಕಲ್ ಕೆರೆ ದಾಟಿ ಭೈರಿದೇವರಕೊಪ್ಪಕ್ಕೆ ಬಂದಾಗ ಬಸ್ಸಿನಲ್ಲಿದ್ದ ಅಜ್ಜಿಯೊಬ್ಬರು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ತುಟಿ ಅಲುಗಿಸಿದರು. ಅಲ್ಲಿದ್ದ ದರ್ಗಾವನ್ನು ಈ ಬಿ.ಆರ್.ಟಿ.ಎಸ್. ರಸ್ತೆಗಾಗಿ 2022ರ ಡಿಸೆಂಬರಿನಲ್ಲಿ ತೆರವು ಮಾಡಲಾಯಿತು. ಹೆದ್ದಾರಿಗೆ ಮುಖ ಮಾಡಿದ ಮನೆ ಎಷ್ಟು ಚೆನ್ನಾಗಿ ಕಂಡರೂ, ರಸ್ತೆಯ ಅಂಚು ನಾಳೆ ಎಲ್ಲಿಗೆ ಬರುತ್ತದೆಂದು ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆಯಲ್ಲಿ ನೋಡದೆ ಮುಂಗಡ ಕೊಡಬಾರದೆಂದು ಅವಳಿಗೆ ಹೇಳಿದೆ. ಆ ಪ್ರಾಧಿಕಾರದ ಕಚೇರಿ ನವನಗರದಲ್ಲೇ ಇದೆ.

ನವನಗರ ಹುಬ್ಬಳ್ಳಿಯೂ ಅಲ್ಲ, ಧಾರವಾಡವೂ ಅಲ್ಲ, ಎರಡರ ನಡುವಿನ ಊರು. ಪೊಲೀಸ್ ಆಯುಕ್ತರ ಕಚೇರಿ, ಕ್ಯಾನ್ಸರ್ ಆಸ್ಪತ್ರೆ, 2009ರಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ ಎಲ್ಲವೂ ಇಲ್ಲಿವೆ. ಪಕ್ಕದಲ್ಲೇ ಅಮರಗೋಳದ ಎ.ಪಿ.ಎಂ.ಸಿ. ಇಂಥ ಕಡೆ ಬಾಡಿಗೆಗೆ ಬರುವವರಿಗೆ ಕೊರತೆ ಇರದು. ಹಾಗಾಗಿ ಮಾಲೀಕರು ದರ ಸುಲಭವಾಗಿ ಇಳಿಸುವುದಿಲ್ಲ. ನಾವು ಹೋದ ದಿನ ಮಳೆ ಬರುತ್ತಿತ್ತು. ಮನೆ ನೋಡಲು ಮಳೆಗಾಲವೇ ಸರಿಯಾದ ಕಾಲ. ಬಿಸಿಲಿನಲ್ಲಿ ಎಲ್ಲ ಗೋಡೆಗಳೂ ಒಳ್ಳೆಯವೇ!

ದಲಾಲರು ಮೊದಲು ತೋರಿಸಿದ್ದು ಮನೆಯನ್ನಲ್ಲ, ಊರಾಚೆಯ ಹೊಲದಲ್ಲಿ ಕಲ್ಲು ನೆಟ್ಟ ಪ್ಲಾಟನ್ನು. ಒಂದು ಗುಂಟೆ, ಅಂದರೆ 1089 ಚದರಡಿ, ಬೆಲೆ ಅರ್ಧಕ್ಕಿಂತ ಕಡಿಮೆ. ಎನ್.ಎ. ಆಗಿಲ್ಲ, ಲೇಔಟಿಗೆ ಮಂಜೂರಾತಿ ಇಲ್ಲ. ಬಾಂಡ್ ಪೇಪರಿನಲ್ಲಿ ಬರೆದುಕೊಡುತ್ತಾರಂತೆ. ನಮ್ಮ ಸಂಬಂಧಿಕರೊಬ್ಬರು ಇಂಥದ್ದನ್ನೇ ಕೊಂಡು ಇಂದಿಗೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಾಗದೆ ಕೈಸುಟ್ಟುಕೊಂಡಿದ್ದಾರೆ. ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕೆಂದು 1908ರ ಕಾಯ್ದೆಯೇ ಹೇಳುತ್ತದೆ. ಬರೀ ಮುಖ್ತಿಯಾರ ಪತ್ರದ ಮೇಲೆ ನಡೆದ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿತು. ಪಟ್ಟಣಗಳಲ್ಲಿ 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನೋಂದಣಿಯೂ ಇಲ್ಲ. ನಾವು ಕೆಳಗಿಳಿಯದೆ ಅದೇ ರಿಕ್ಷಾದಲ್ಲಿ ಮರಳಿದೆವು.

ಎರಡನೆಯದು ಮನೆ. ಎರಡು ಕೋಣೆ, ಹಿತ್ತಲಲ್ಲಿ ಕರಿಬೇವು, ಮುಂದೆ ತುಳುಕುವ ನೀರಿನ ತೊಟ್ಟಿ. ನಾದಿನಿಯ ಮುಖ ಅರಳಿತು. ನಾನು ಗೋಡೆಯ ಮೂಲೆಗಳನ್ನು ನೋಡುತ್ತಿದ್ದೆ. ನಮ್ಮ ಭಾಗದಲ್ಲಿ ಎರಿ ಮಣ್ಣಿನ ಮೇಲೆ ಕಟ್ಟಿದ ಮನೆಗಳು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತವೆ. ಮಸಾರಿಯಾದರೆ ಚಿಂತೆ ಕಡಿಮೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮನೆಯವರನ್ನು ಕೇಳದೆ ಪಕ್ಕದ ಮನೆಯ ಸಹೋದರಿಯನ್ನು ಕೇಳಿದೆ. ಮಾರುವವರು ಹೇಳುವ ದಿನಕ್ಕೂ ನೆರೆಯವರು ಹೇಳುವ ದಿನಕ್ಕೂ ಯಾವಾಗಲೂ ಸ್ವಲ್ಪ ಅಂತರವಿರುತ್ತದೆ.

ಆದರೆ ಇಲ್ಲಿ ಅಂತರವಿರಲಿಲ್ಲ. ಮನೆಯೊಡತಿ ವಿಧವೆ, ಸಂಭಾವಿತ ಹೆಂಗಸು. ಹಿಂದಿನ ಕೋಣೆಯಲ್ಲಿ ಹನಿ ಸೋರುವುದನ್ನು ತಾವೇ ತೋರಿಸಿದರು. ದೋಷ ಮುಚ್ಚಿಟ್ಟು ಮಾರಬಾರದೆಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಗೊತ್ತು, ಮಾರುವಾಗ ನೆನಪಿಸಿಕೊಳ್ಳುವವರು ಕಡಿಮೆ. ಮನೆಪಟ್ಟಿ ಕಟ್ಟಿದ ರಸೀದಿ, ಇ-ಖಾತಾ, ಮೂವತ್ತು ವರ್ಷದ ಇ.ಸಿ. ಎಲ್ಲ ಒಂದೇ ಚೀಲದಲ್ಲಿದ್ದವು. ಮಾರುವವರು ಹೀಗೆ ಸಿದ್ಧವಾಗಿದ್ದರೆ ಕೊಳ್ಳುವವರ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ.

ಕಾಗದ ಓದುತ್ತಾ ಹೋದಂತೆ ತಿಳಿಯಿತು: ಮನೆ ತೀರಿಕೊಂಡ ಯಜಮಾನರ ಹೆಸರಿನಲ್ಲಿತ್ತು. ಸಹಿ ಹಾಕುವವರು ತಾಯಿ ಮತ್ತು ಹಿರಿಯ ಮಗ. ಗದಗಿಗೆ ಕೊಟ್ಟ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಶಾಲೆಗೆ ಹೋಗುವ ಕಿರಿಯ ಮಗನಿದ್ದಾನೆ.

"ಟೀಚರ್, ಹೆಣ್ಣುಮಕ್ಕಳು ಕೊಟ್ಟ ಮನಿಗೆ ಹೋದ್ರು. ಅವ್ರ ಸಹಿ ಯಾಕ್ ಬೇಕ್ರಿ? ಅವರೇನ್ ಕೇಳೂದಿಲ್ಲ," ಎಂದರು ದಲಾಲರು.

ನಾನು ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ಯಜಮಾನರ ತಂದೆತಾಯಿ ಇಲ್ಲವಾದ್ದರಿಂದ ಮನೆಯನ್ನು 48 ಪಾಲು ಮಾಡಿದರೆ ಪತ್ನಿಗೆ 6, ಗಂಡುಮಕ್ಕಳಿಗೆ ತಲಾ 14, ಹೆಣ್ಣುಮಕ್ಕಳಿಗೆ ತಲಾ 7. ಅಂದರೆ ಕಾಲುಭಾಗಕ್ಕಿಂತ ಹೆಚ್ಚು ಗದಗಿನಲ್ಲಿದೆ. ಅವರು ಸ್ವಇಚ್ಛೆಯಿಂದ ಬಿಟ್ಟುಕೊಡುವುದಾದರೆ ಹಕ್ಕುಬಿಡುಗಡೆ ಪತ್ರವನ್ನು ನೋಂದಾಯಿಸಲಿ. ಕೇಳುವುದಿಲ್ಲ ಎಂಬುದು ಬಿಟ್ಟುಕೊಟ್ಟಂತಲ್ಲ. ಇನ್ನು ಅಪ್ರಾಪ್ತ ಮಗನ ಪಾಲನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿ ಮಾರುವಂತಿಲ್ಲ. ಇದು ಅನೇಕ ಸಹೋದರಿಯರಿಗೆ ಗೊತ್ತಿಲ್ಲ. ಹುಡುಗ ದೊಡ್ಡವನಾಗಿ ಮೊಕದ್ದಮೆ ಹೂಡಿದರೆ ಕೊಂಡವರು ಕೋರ್ಟಿಗೆ ಅಲೆಯಬೇಕು.

ದಲಾಲರು ಇನ್ನೊಂದು ಉಪಾಯ ಹೇಳಿದರು. ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದು ನಗದು. ಖರ್ಚು ದೊಡ್ಡದೇ, ನಿಜ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 7.6. ಮೂವತ್ತು ಲಕ್ಷಕ್ಕೆ 2,28,000 ರೂಪಾಯಿ. ಆದರೂ ಸುಳ್ಳು ಬರೆದ ಪತ್ರದಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಎಲ್ಲಿ? ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಲ್ಲೇ ನಿಷೇಧಿಸಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ನಾವು ಓದಿ ಮುತ್ತಿಟ್ಟು ಕಪಾಟಿನಲ್ಲಿಡುತ್ತೇವೆ.

ನಾದಿನಿ ಇಷ್ಟು ಹೊತ್ತೂ ಸುಮ್ಮನಿದ್ದಳು. ಅವಳ ಪಾಲು ಕೂಡ ಎರಡು ವರ್ಷ ಬಾಯಿಬಿಟ್ಟು ಕೇಳಿದ ಮೇಲೆ ಬಂದದ್ದು. ಕೊಟ್ಟವರಲ್ಲಿ ನನ್ನ ಪತಿಯೂ ಒಬ್ಬರು, ನಾನೂ ಆಗ ಬೇಗ ಕೊಡಿ ಎಂದು ಹೇಳಿದವಳಲ್ಲ. ಅವಳು ಮನೆಯೊಡತಿಯ ಕೈ ಹಿಡಿದು, "ಅಮ್ಮಿ, ನನಗೆ ಈ ಮನೆ ಬೇಕು. ಆದರೆ ನಿಮ್ಮ ಹೆಣ್ಣುಮಕ್ಕಳು ಬಂದು ಎದುರಿಗೆ ಕೂತು ಹೇಳಲಿ. ಇಲ್ಲದಿದ್ದರೆ ಇಲ್ಲಿ ನನಗೆ ನಿದ್ದೆ ಬರಲಿಕ್ಕಿಲ್ಲ," ಎಂದಳು.

ಆ ತಾಯಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾ ತಂದರು. ದಲಾಲರು ಫೋನಿನಲ್ಲಿ ಮಾತನಾಡುತ್ತಾ ಹೊರಗೆ ಹೋದರು, ಮತ್ತೆ ಒಳಗೆ ಬರಲಿಲ್ಲ.

ನಾಲ್ಕನೆಯ ದಿನ ಅವರೇ ಫೋನ್ ಮಾಡಿದರು. ವಕೀಲರೊಬ್ಬರನ್ನು ಕಂಡು ಬಂದಿದ್ದಾರಂತೆ, ಕಿರಿಯ ಮಗನ ಪಾಲಿನ ಅನುಮತಿಗೆ ಕೆಲವು ತಿಂಗಳು ಹಿಡಿಯಬಹುದಂತೆ. ಅಷ್ಟು ಕಾಯುವುದಾದರೆ ಬೇರೆಯವರಿಗೆ ಕೊಡುವುದಿಲ್ಲವೆಂದರು. ಬರುವ ಭಾನುವಾರ ಗದಗಿನಿಂದ ಹೆಣ್ಣುಮಕ್ಕಳಿಬ್ಬರೂ ಬರುತ್ತಿದ್ದಾರೆ. ನಾವೂ ಹೋಗುತ್ತೇವೆ, ಇನ್‌ಶಾ ಅಲ್ಲಾಹ್.