ನಿಲ್ಲು ಅಂದರೆ ನೀಟಾಗಿ ನಿಲ್ಲೋ ಸ್ಕ್ರಿಪ್ಟು

ನಮ್ಮ ಹೊಸಪೇಟೆ ಕಡೆ ಮಳೆಗಾಲ ಬಂತಂದ್ರೆ ಒಂದು ಮಾತು ಎಲ್ಲರ ಬಾಯಲ್ಲೂ ಇರ್ತದೆ: "ಡ್ಯಾಂನಿಂದ ನೀರು ಬಿಡ್ತಾರಂತೆ, ಹೊಳಿ ಕಡೆ ಹೋಗಬ್ಯಾಡ್ರಿ." ಸುದ್ದಿ ಬಂದ ಕೂಡಲೇ ಹಂಪಿಯಲ್ಲಿ ತೆಪ್ಪಗಳು ದಡ ಏರ್ತವೆ, ಕಂಪ್ಲಿ ಕಡೆ ರೈತರು ಪಂಪ್‌ಸೆಟ್ ಬಿಚ್ಚಿ ಮೇಲಕ್ಕೆ ತರ್ತಾರೆ. ಆಮೇಲೆ ಪುರಂದರ ಮಂಟಪ ಮುಳುಗಲಿ, ಕಂಪ್ಲಿ ಸೇತುವೆ ಮುಳುಗಲಿ, ಪಂಪ್‌ಸೆಟ್ಟಂತೂ ಉಳೀತದೆ. ಎಚ್ಚರಿಕೆಗೂ ನೀರಿಗೂ ನಡುವೆ ಸಿಗೋ ಆ ಸ್ವಲ್ಪ ಹೊತ್ತಿಗೇ ಬೆಲೆ.

ಕಂಪ್ಯೂಟರಿನಲ್ಲೂ ಅಂಥ ಹೊತ್ತು ಸಿಗ್ತದೆ. ಓಡ್ತಿರೋ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮ್ ಕಳಿಸೋ ಚಿಕ್ಕ ಸೂಚನೆಗೆ ಸಿಗ್ನಲ್ ಅಂತಾರೆ. ಎರಡು ನಿಮಿಷದ ಸ್ಕ್ರಿಪ್ಟಿಗೆ ಇದು ದೊಡ್ಡ ವಿಷಯವಲ್ಲ. ಒಂದೂವರೆ ದಿನ ಓಡೋ ಸ್ಕ್ರಿಪ್ಟಿಗೆ ಇದೇ ಜೀವ.

ನನಗೆ ಅಂಥ ಕೆಲಸ ಬಂದದ್ದು ಕಂಪ್ಲಿಯ ಚಿಕ್ಕಪ್ಪನಿಂದ. ಅವರ ಫೋಟೊ ಸ್ಟುಡಿಯೊ ಮುಚ್ಚಿ ವರ್ಷಗಳಾದವು. ನೆಗೆಟಿವ್‌ಗಳನ್ನು ತೇವ ತಿಂದುಹಾಕಿತ್ತು. ಉಳಿದದ್ದು ಹಳೆ ಹಾರ್ಡ್ ಡಿಸ್ಕಿನಲ್ಲಿದ್ದ ಸುಮಾರು 18 ಸಾವಿರ ಸ್ಕ್ಯಾನ್‌ಗಳು. ಡಿಸ್ಕು ಆಗಲೇ ಕಟಕಟ ಅನ್ನೋಕೆ ಶುರು ಮಾಡಿತ್ತು. ಒಂದೊಂದೇ ಫೋಟೊ ತೆಗೆದು, ಬಣ್ಣ ಸರಿಮಾಡಿ, ಹೊಸ ಡಿಸ್ಕಿಗೆ ಬರೆಯಬೇಕು. ಒಂದಕ್ಕೆ ಏಳು ಸೆಕೆಂಡು ಅಂದ್ರೂ 35 ಗಂಟೆ.

ಸಂಡೂರಿನಿಂದ ಒಬ್ಬ ಹೆಣ್ಣುಮಗಳು ಚಿಕ್ಕಪ್ಪನಿಗೆ ಫೋನ್ ಮೇಲೆ ಫೋನ್ ಮಾಡ್ತಿದ್ದರು. ಆಯುಧ ಪೂಜೆ ದಿನ ಲಾರಿಗೆ ಹಾರ ಹಾಕಿ ಗಂಡ ನಿಂತಿದ್ದ ಫೋಟೊ ಬೇಕಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿ ಮಾರಿದ್ದರು. ಈಗ ಗಂಡನೂ ಇಲ್ಲ. ಆ ಫೋಟೊ ಎಲ್ಲಾದರೂ ಇದ್ದರೆ ಈ ಡಿಸ್ಕಿನಲ್ಲೇ.

35 ಗಂಟೆಯಲ್ಲಿ ಕರೆಂಟು ಹೋಗ್ತದೆ, ಬ್ಯಾಟರಿ ಇಳೀತದೆ. ಚಿಕ್ಕಪ್ಪ ಬಂದು "ಬಂದ್ ಮಾಡ್ಲೇನೋ, ಬಿಸಿ ಆಗೇತಿ" ಅಂತಾರೆ. ನಿಲ್ಲೋದು ತೊಂದರೆಯಲ್ಲ, ಅರ್ಧಕ್ಕೆ ನಿಲ್ಲೋದು ತೊಂದರೆ. ಅರ್ಧ ಬರೆದ ಫೈಲು ಪೂರ್ತಿ ಹೆಸರಿನಲ್ಲಿ ಕೂತುಬಿಟ್ಟರೆ, ಮರುದಿನ ಸ್ಕ್ರಿಪ್ಟು "ಇದು ಆಗಿದೆ" ಅಂತ ಮುಂದೆ ಹೋಗ್ತದೆ. ಗೊತ್ತಾಗೋ ಹೊತ್ತಿಗೆ ಹಳೆ ಡಿಸ್ಕು ಸತ್ತಿರ್ತದೆ.

ಲಿನಕ್ಸ್‌ನಲ್ಲಿ ನಮಗೆ ಬೇಕಾದ ಸಿಗ್ನಲ್‌ಗಳು ನಾಲ್ಕೇ. ಕಂಟ್ರೋಲ್-ಸಿ ಒತ್ತಿದರೆ ಬರೋದು ಸಿಗ್‌ಇಂಟ್, ನಂಬರ್ 2. ಸಿಸ್ಟಮ್ ಶಟ್‌ಡೌನ್ ಆಗುವಾಗ ಬರೋದು ಸಿಗ್‌ಟರ್ಮ್, ನಂಬರ್ 15. ಟರ್ಮಿನಲ್ ಕಿಟಕಿ ಮುಚ್ಚಿದರೆ ಸಿಗ್‌ಹಪ್, ನಂಬರ್ 1; ಟರ್ಮಿನಲ್‌ಗಳು ಫೋನ್ ಲೈನಿನ ಮೇಲೆ ನಡೀತಿದ್ದ ಕಾಲದಲ್ಲಿ ಲೈನ್ ಕಟ್ಟಾದದ್ದನ್ನು ತಿಳಿಸ್ತಿದ್ದ ಹೆಸರು ಅದು. ಈ ಮೂರನ್ನೂ ಬ್ಯಾಷ್‌ನ 'ಟ್ರ್ಯಾಪ್' ಕಮಾಂಡಿನಿಂದ ಹಿಡೀಬಹುದು. ನಾಲ್ಕನೆಯದು ಸಿಗ್‌ಕಿಲ್, ನಂಬರ್ 9. ಅದನ್ನು ಯಾರೂ ಹಿಡಿಯೋಕಾಗಲ್ಲ.

ನನ್ನ ಟ್ರ್ಯಾಪ್ ಮಾಡೋದು ಒಂದೇ ಕೆಲಸ: 'ನಿಲ್ಲಬೇಕು' ಅಂತ ಒಂದು ಗುರುತು ಹಾಕೋದು. ಪ್ರತಿ ಫೋಟೊ ಮುಗಿದ ಮೇಲೆ ಸ್ಕ್ರಿಪ್ಟು ಆ ಗುರುತು ನೋಡ್ತದೆ, ಇದ್ದರೆ ಲಾಗ್ ಬರೆದು ಹೊರಡ್ತದೆ. ಕಂಟ್ರೋಲ್-ಸಿ ಒತ್ತಿದಾಗ ಮಾತ್ರ ಸಿಗ್ನಲ್ಲು ಫೋಟೊ ತಿದ್ದೋ ಪ್ರೋಗ್ರಾಮಿಗೂ ಹೋಗಿ, ಅದು ಅರ್ಧಕ್ಕೇ ಸಾಯ್ತದೆ. ಅದಕ್ಕೇ ಮೊದಲು ಹೊಸ ಡಿಸ್ಕಿನಲ್ಲೇ ತಾತ್ಕಾಲಿಕ ಹೆಸರಿನಲ್ಲಿ ಬರೆಸಿ, 'ಸಿಂಕ್' ಕೊಟ್ಟು, ಎಲ್ಲ ಸರಿಯಿದ್ದರೆ ಮಾತ್ರ ನಿಜವಾದ ಹೆಸರಿಗೆ ಬದಲಿಸ್ತೀನಿ. ಒಂದೇ ಫೈಲ್‌ಸಿಸ್ಟಮ್‌ನೊಳಗೆ ಹೆಸರು ಬದಲಾವಣೆ ಅರ್ಧಂಬರ್ಧ ಆಗಲ್ಲ. ಆದರೆ ಆಯ್ತು, ಇಲ್ಲಾಂದ್ರೆ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಲ್ಯಾಪ್‌ಟಾಪ್ ತಣ್ಣಗಾಗಲಿ ಅಂತ 500 ಫೋಟೊಗೊಮ್ಮೆ ಐದು ನಿಮಿಷದ 'ಸ್ಲೀಪ್' ಇಟ್ಟಿದ್ದೆ. ಆ ಹೊತ್ತಲ್ಲಿ ಸ್ಕ್ರಿಪ್ಟಿಗೆ ಸಿಗ್‌ಟರ್ಮ್ ಬಂದರೆ, ಸ್ಲೀಪ್ ಮುಗಿಯೋವರೆಗೂ ಬ್ಯಾಷ್ ಟ್ರ್ಯಾಪ್ ಓಡಿಸಲ್ಲ. ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು 9 ಕಳಿಸ್ತದೆ. ಆಫೀಸಿನಲ್ಲಿ ನಾವು ಬಳಸೋ ಡಾಕರ್ 10 ಸೆಕೆಂಡು, ಕುಬರ್ನೆಟೀಸ್ 30 ಸೆಕೆಂಡು ಕಾಯ್ತವೆ. ಪರಿಹಾರ ಸುಲಭ: ಸ್ಲೀಪ್ ಅನ್ನು ಹಿನ್ನೆಲೆಗೆ ಕಳಿಸಿ 'ವೇಟ್' ಅನ್ನಿ. ಸಿಗ್ನಲ್ ಬಂದರೆ ವೇಟ್ ತಕ್ಷಣ ಬಿಟ್ಟುಕೊಡ್ತದೆ.

ಆದರೆ ಎಚ್ಚರಿಕೆ ಯಾವಾಗಲೂ ಬರಬೇಕಲ್ಲ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಉಳಿದ ಗೇಟುಗಳನ್ನೂ ತೆಗೆದು ಒತ್ತಡ ಇಳಿಸಿ, ಸುಮಾರು ಒಂದು ವಾರದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಕೂರಿಸಿದರು. ಸಿಗ್‌ಕಿಲ್ ಅಂದರೆ ಅದೇ. ಅದಕ್ಕೆ ಟ್ರ್ಯಾಪ್ ಇಲ್ಲ, ಮೊದಲೇ ಮಾಡಿಟ್ಟ ವ್ಯವಸ್ಥೆ ಮಾತ್ರ ಇದೆ. ತಾತ್ಕಾಲಿಕ ಹೆಸರು, ಆದದ್ದನ್ನು ಬಿಟ್ಟು ಮುಂದೆ ಹೋಗೋದು, ಇವೆರಡೇ ಆಗ ಕಾಯೋದು. ಟ್ರ್ಯಾಪ್ ಹೇಳಿ ಬರೋರಿಗೆ, ಇವು ಹೇಳದೆ ಬರೋರಿಗೆ.

ನನ್ನ ಸ್ಕ್ರಿಪ್ಟು ನಾಲ್ಕು ದಿನದಲ್ಲಿ ಏಳು ಸಲ ನಿಂತು ಮುಗೀತು. ಲಾರಿ ಮುಂದೆ ನಿಂತವರ ಫೋಟೊ ಮೂರನೇ ದಿನ ಸಿಕ್ಕಿತು, ಪೂರ್ತಿ ಸಿಕ್ಕಿತು. ಚಿಕ್ಕಪ್ಪ ಪ್ರಿಂಟ್ ಹಾಕಿಸಿ ತಾವೇ ಸಂಡೂರಿಗೆ ಒಯ್ದು ಕೊಟ್ಟು ಬಂದರು.

ನೀವೂ ರಾತ್ರಿಯಿಡೀ ಓಡೋ ಸ್ಕ್ರಿಪ್ಟು ಬರೆದರೆ, ಮಲಗೋ ಮುಂಚೆ ಹತ್ತು ನಿಮಿಷ ಕೊಡಿ. ಹತ್ತು ಡಮ್ಮಿ ಫೈಲಿನ ಮೇಲೆ ಓಡಿಸಿ. ನಡುವೆ ಒಮ್ಮೆ 15 ಕಳಿಸಿ, ಒಮ್ಮೆ 9 ಕಳಿಸಿ, ಎರಡು ಸಲವೂ ಮತ್ತೆ ಶುರು ಮಾಡಿ ನೋಡಿ. ಹತ್ತೂ ಫೈಲು ಸರಿಯಾಗಿ ಬಂದವಾ? ಹಾಗಿದ್ದರೆ ಆರಾಮಾಗಿ ಮಲಗಿ.