ಚಾರ್ಮಾಡಿಯ ಏರು, ಮುದಿ ಗಾಡಿಯ ಕೆಮ್ಮು

ಮೂಡಿಗೆರೆಯ ಕಾಫಿ ತೋಟಗಳನ್ನು ದಾಟಿ ಪಡುವಣಕ್ಕೆ ಸಾಗುವ ದಾರಿಗನಿಗೆ ಕೊಟ್ಟಿಗೆಹಾರವೇ ಘಟ್ಟದ ಹೊಸ್ತಿಲು. ಅಲ್ಲಿಯವರೆಗೆ ಸಾಧುವಾಗಿ ಬಂದ ರಸ್ತೆ ಅಲ್ಲಿಂದ ಮುಂದೆ ತಲೆ ತಗ್ಗಿಸಿ ಕರಾವಳಿಯತ್ತ ಇಳಿಯತೊಡಗುತ್ತದೆ. ನೀರುದೋಸೆಯ ಹಬೆಯೂ ಕಣಿವೆಯಿಂದ ಏರಿ ಬಂದ ಮಂಜೂ ಒಂದರೊಳಗೊಂದು ಬೆರೆಯುವ ಈ ಪುಟ್ಟ ಊರಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಇಲ್ಲಿಂದ ಕೆಳಗಿನ ಚಾರ್ಮಾಡಿ ಗ್ರಾಮದವರೆಗೆ ಸುಮಾರು 25 ಕಿಲೋಮೀಟರುಗಳ ಹಾದಿ. ಒಂದು ಮಗ್ಗುಲಿಗೆ ನೀರೊಸರುವ ಬಂಡೆ, ಇನ್ನೊಂದು ಮಗ್ಗುಲಿಗೆ ತಳ ಕಾಣದ ಹಸುರು.

ಘಟ್ಟದ ನಡುವೆ ಅಣ್ಣಪ್ಪಸ್ವಾಮಿಯ ಗುಡಿಯಿದೆ. ಲಾರಿಯವನಿರಲಿ, ಕಾರಿನವನಿರಲಿ, ಇಲ್ಲಿ ಒಂದು ಗಳಿಗೆ ನಿಂತು ಕಾಣಿಕೆ ಹಾಕಿ ಮುಂದುವರಿಯುವುದು ವಾಡಿಕೆ. ಈ ಭಯಭಕ್ತಿ ಅಕಾರಣವಾದುದಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಅಲ್ಲಲ್ಲಿ ಕುಸಿದು ಈ ಹಾದಿಯೇ ಮುಚ್ಚಿಹೋಗಿತ್ತು. ಘಟ್ಟ ಮನುಷ್ಯನನ್ನು ಪರೀಕ್ಷಿಸುವಂತೆ ಅವನ ವಾಹನವನ್ನೂ ಪರೀಕ್ಷಿಸುತ್ತದೆ. ಬಯಲಿನಲ್ಲಿ ಅಡಗಿಸಿಟ್ಟುಕೊಂಡ ರೋಗವನ್ನು ಏರಿನಲ್ಲಿ ಬಯಲಿಗೆಳೆಯುತ್ತದೆ.

ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನ ಮುಗಿಸಿ ಬೆಂಗಳೂರಿಗೆ ಮರಳುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಹದಿನೈದು ವರ್ಷ ದುಡಿದ ಡೀಸೆಲ್ ಎಸ್‌ಯುವಿ. ಹಿಂದಿನ ಆಸನದಲ್ಲಿ ಪ್ರಸಾದದ ಪೊಟ್ಟಣ ಹಿಡಿದ ಅಜ್ಜಿ, ನಿದ್ದೆಗಣ್ಣಿನ ಮೊಮ್ಮಕ್ಕಳು. ಉಜಿರೆಯವರೆಗೆ ಗಾಡಿ ಲಕ್ಷಣವಾಗಿ ಓಡಿದೆ. ಏರು ಶುರುವಾಗಿ ನಾಲ್ಕು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮುತ್ತದೆ. ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತುತ್ತದೆ. ಐದನೆಯ ತಿರುವಿನಲ್ಲಿ ಎಲ್ಲವೂ ಸ್ತಬ್ಧ. “ಏನಾಯ್ತೋ ಮಗಾ?” ಎಂದು ಅಜ್ಜಿ ಕೇಳಿದರೆ, “ಏನಿಲ್ಲಮ್ಮ, ಬಿಸಿಯಾಗಿರಬೇಕು” ಎಂದು ಮಗ ಸಮಾಧಾನ ಹೇಳುತ್ತಾನೆ. ಹೊರಗೆ ಮಳೆ, ಸಂಜೆಯ ಬೆಳಕು ಇಳಿಮುಖ.

ಇಲ್ಲಿ ಮೊದಲು ಉಳಿಸಿಕೊಳ್ಳಬೇಕಾದುದು ಗಾಡಿಯಲ್ಲ, ಗಾಡಿಯೊಳಗಿನ ಜೀವಗಳು. ಎಂಜಿನ್ ನಿಂತೊಡನೆ ಸ್ಟೇರಿಂಗಿಗೆ ಸಿಗುತ್ತಿದ್ದ ನೆರವು ತಪ್ಪಿ ಚಕ್ರ ಕಲ್ಲಿನಂತೆ ಬಿಗಿಯಾಗುತ್ತದೆ. ಬ್ರೇಕಿಗೆ ಬಲ ಕೊಡುವ ನಿರ್ವಾತವೂ ಒಂದೆರಡು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತದೆ. ಗಾಬರಿಯಿಂದ ಪದೇ ಪದೇ ತುಳಿದರೆ ಆ ಉಳಿತಾಯವೂ ಖಾಲಿ. ಒಮ್ಮೆಗೇ ಗಟ್ಟಿಯಾಗಿ ತುಳಿದು ಹಿಡಿದು, ಕೈಬ್ರೇಕು ಎಳೆದು, ಗೇರಿನಲ್ಲಿ ಬಿಟ್ಟು, ಚಕ್ರದ ಹಿಂದೆ ಕಲ್ಲು ಕೊಟ್ಟು, ಎಚ್ಚರಿಕೆಯ ದೀಪಗಳನ್ನು ಮಿನುಗಿಸಿ, ಎಲ್ಲರನ್ನೂ ಕಣಿವೆಯ ಕಡೆಗಲ್ಲದ ಸುರಕ್ಷಿತ ಜಾಗಕ್ಕೆ ಇಳಿಸುವುದು ಮೊದಲ ಕರ್ತವ್ಯ. ಎಂಜಿನ್ ಓಡುತ್ತಿರುವಾಗಲೇ ಕೆಂಪು ದೀಪ, ಅದರಲ್ಲಿಯೂ ಎಣ್ಣೆಯ ಒತ್ತಡದ ದೀಪ ಹೊತ್ತಿದರೆ, ಕೂಡಲೆ ನಿಲ್ಲಿಸಬೇಕೆಂದು ಅರ್ಥ. ಹಳದಿ ದೀಪದ್ದು ಎಚ್ಚರಿಕೆಯ ಮಾತು. ಅದು ಯಂತ್ರದೊಳಗಿನ ಕಂಪ್ಯೂಟರು ಏನನ್ನೋ ಬರೆದಿಟ್ಟುಕೊಂಡಿದೆ ಎಂಬುದರ ಗುರುತು.

ಒಂದಾನೊಂದು ಕಾಲದಲ್ಲಿ ಈ ಬರವಣಿಗೆಯೇ ಇರಲಿಲ್ಲ. ಮಲೆನಾಡಿನ ತೋಟಗಳ ಜೀಪು ನಿಂತರೆ ಮೇಸ್ತ್ರಿ ಬಾನೆಟ್ಟಿನ ಮೇಲೆ ಬಗ್ಗಿ ಕಿವಿಗೊಡುತ್ತಿದ್ದನು, ಮೂಸಿ ನೋಡುತ್ತಿದ್ದನು. 1951ರಲ್ಲಿ ಹುಟ್ಟಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪ್ಲಗ್ಗು, ಡೀಸೆಲ್ ಪಂಪುಗಳ ಹೆಸರು ಅಂಥ ಮೇಸ್ತ್ರಿಗಳ ನಾಲಗೆಯ ಮೇಲಿತ್ತು. ಬಳಿಕ ಎಂಜಿನ್ನಿಗೆ ಸೆನ್ಸರುಗಳು ಬಂದುವು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ, 16 ಕಾಲುಗಳ ಪರೀಕ್ಷಾ ಸಾಕೆಟ್ಟು ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ನಿಯಮದೊಡನೆ 2010ರಲ್ಲಿ ಈ ಏರ್ಪಾಡಿನ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಬಂದಿತು. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಸಾಕೆಟ್ಟಿದ್ದರೂ ಅಗ್ಗದ ಸ್ಕ್ಯಾನರಿಗೆ ಅವು ಬಾಯಿ ಬಿಡದಿರಬಹುದು. ತಯಾರಕರ ಉಪಕರಣವೇ ಬೇಕಾಗಬಹುದು.

ಆ ಸಂಕೇತಗಳಿಗೂ ಒಂದು ವ್ಯಾಕರಣವುಂಟು. ಮೊದಲ ಅಕ್ಷರ ‘ಪಿ’ ಇದ್ದರೆ ಎಂಜಿನ್ ಮತ್ತು ಗೇರಿನ ಸಂಗತಿ. ಎರಡನೆಯದು ಸೊನ್ನೆಯಿದ್ದರೆ ಎಲ್ಲ ತಯಾರಕರಿಗೂ ಸಮಾನವಾದ ಅರ್ಥ, ಒಂದು ಇದ್ದರೆ ಆಯಾ ತಯಾರಕರ ಸ್ವಂತ ಭಾಷೆ. ಏರಿನಲ್ಲಿ ನಿಂತ ಡೀಸೆಲ್ ಗಾಡಿಯಲ್ಲಿ ಕಾಣಸಿಗುವ ಎರಡು ಸಂಕೇತಗಳು ಪಿ0087 ಮತ್ತು ಪಿ0335. ಮೊದಲನೆಯದು, ಇಂಧನದ ಒತ್ತಡ ಇರಬೇಕಾದಷ್ಟಿಲ್ಲ ಎನ್ನುತ್ತದೆ. ಎರಡನೆಯದು, ಕ್ರ್ಯಾಂಕ್ ದಂಡ ತಿರುಗುವ ಸುಳಿವು ಸರಿಯಾಗಿ ಬರುತ್ತಿಲ್ಲ ಎನ್ನುತ್ತದೆ.

ಸಂಕೇತ ಸಾಕ್ಷಿಯ ಹೇಳಿಕೆಯೇ ಹೊರತು ನ್ಯಾಯಾಧೀಶನ ತೀರ್ಪಲ್ಲ. ಒತ್ತಡ ಕಡಿಮೆಯೆಂದ ಮಾತ್ರಕ್ಕೆ ಪಂಪು ಕೆಟ್ಟಿತೆಂದು ತೀರ್ಮಾನಿಸಿ ಸಾವಿರಾರು ರೂಪಾಯಿಗಳ ಪಂಪನ್ನೇ ಬದಲಿಸುವವರುಂಟು. ಕೊನೆಗೆ ನೋಡಿದರೆ ಕಟ್ಟಿಕೊಂಡಿದ್ದುದು ಡೀಸೆಲ್ ಫಿಲ್ಟರು. ಬಯಲಿನಲ್ಲಿ ಎಂಜಿನ್ನಿನ ಹಸಿವು ಕಡಿಮೆ. ಅರ್ಧ ಕಟ್ಟಿದ ಫಿಲ್ಟರೂ ಅದನ್ನು ತಣಿಸುತ್ತದೆ. ತುಂಬಿದ ಗಾಡಿ ಏರು ಹತ್ತುವಾಗ ಬೇಡಿಕೆ ಹೆಚ್ಚುತ್ತದೆ, ಪೂರೈಕೆ ಸಾಲದೆ ಒತ್ತಡ ಕುಸಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಮಳೆಗಾಲದಲ್ಲಿ ಫಿಲ್ಟರಿನ ತಳದಲ್ಲಿ ಸೇರುವ ನೀರು, ಹಳೆಯ ರಬ್ಬರು ಕೊಳವೆಯ ಬಿರುಕಿನಿಂದ ನುಸುಳುವ ಗಾಳಿ, ಇವೂ ಇದೇ ಸಂಕೇತವನ್ನು ಬರೆಸಬಲ್ಲವು.

ಇನ್ನೊಂದು ಬಗೆಯ ನಿಲುಗಡೆಗೆ ಬೇರೆಯೇ ಲಕ್ಷಣ. ಬಿಸಿಯೇರಿದಾಗ ನಿಂತ ಗಾಡಿ ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಹೊರಡುತ್ತದೆ. ಸೆನ್ಸರಿನೊಳಗಿನ ಸುರುಳಿಯ ತಂತಿ ಕಾವಿನಲ್ಲಿ ಬಿಟ್ಟುಕೊಂಡು, ತಣಿದಾಗ ಮತ್ತೆ ಕೂಡಿಕೊಳ್ಳುವುದೇ ಇದಕ್ಕೆ ಸಾಮಾನ್ಯ ಕಾರಣ. ಆದರೂ ಸೆನ್ಸರನ್ನು ಕೊಳ್ಳುವ ಮುನ್ನ ಅದರ ತಂತಿಯನ್ನೂ ಕೂಡುಗೊಂಡಿಯನ್ನೂ ನೋಡಬೇಕು. ಮಲೆನಾಡಿನ ತೇವದಲ್ಲಿ ತಾಮ್ರ ಹಸಿರುಗಟ್ಟುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ತಂತಿಯನ್ನು ಇಲಿ ಕಡಿದಿರುವುದೂ ಉಂಟು.

ಬಲ್ಲ ಮೆಕ್ಯಾನಿಕ್ಕಿನ ಕ್ರಮ ಇಷ್ಟೆ. ಮೊದಲು ಬ್ಯಾಟರಿ: ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟು, ಓಡುವಾಗ 14ರ ಆಸುಪಾಸು ಇರಬೇಕು. ವಿದ್ಯುತ್ತು ಸೊರಗಿದರೆ ಕಂಪ್ಯೂಟರು ಇಲ್ಲದ ರೋಗಗಳನ್ನೂ ಬರೆಯುತ್ತದೆ. ಆಮೇಲೆ ಸಂಕೇತಗಳನ್ನು ಕಾಗದಕ್ಕೆ ಇಳಿಸಿಕೊಳ್ಳುವುದು. ದೋಷ ಕಂಡ ಕ್ಷಣದ ವೇಗ, ಕಾವು, ಭಾರಗಳ ಟಿಪ್ಪಣಿಯೂ ಅದರ ಜೊತೆಗೇ ಇರುತ್ತದೆ. ಅವಸರದಿಂದ ಸಂಕೇತವನ್ನು ಅಳಿಸಿದರೆ ಸಾಕ್ಷ್ಯವೂ ಅಳಿಯಿತು. ಮೂರನೆಯದಾಗಿ, ಸೆಲ್ಫ್ ಹಾಕುತ್ತ ಸ್ಕ್ಯಾನರಿನ ಪರದೆ ನೋಡುವುದು. ಎಂಜಿನ್ ತಿರುಗುತ್ತಿದ್ದರೂ ಪರದೆಯಲ್ಲಿ ಸುತ್ತುಗಳ ಸಂಖ್ಯೆ ಸೊನ್ನೆಯಿದ್ದರೆ ಸೆನ್ಸರಿನ ಕಡೆಗೆ ಹೋಗಬೇಕು. ಸುತ್ತು ತೋರಿಸಿಯೂ ಒತ್ತಡ ಏರದಿದ್ದರೆ ಇಂಧನದ ಕಡೆಗೆ. ಹಳೆಯ ಮೇಸ್ತ್ರಿಯಂತೆ ಕೊಳವೆಯ ನಟ್ಟು ಸಡಿಲಿಸಿ ಡೀಸೆಲ್ ಬರುತ್ತಿದೆಯೇ ಎಂದು ನೋಡುವುದು ಮಾತ್ರ ಇಲ್ಲಿ ಸಲ್ಲದು. ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ ಸಾವಿರ ಬಾರನ್ನು ಮೀರುತ್ತದೆ. ಸೂಜಿಯಂತೆ ಚಿಮ್ಮುವ ಆ ಧಾರೆ ಚರ್ಮವನ್ನೇ ತೂರಿ ಕೈಯನ್ನು ಕಳೆಯಬಲ್ಲುದು.

ಹೀಗೆಂದು ಹಳೆಯ ಕಿವಿಗೆ ಬೆಲೆ ಇಲ್ಲವೆಂದಲ್ಲ. ಗಾಡಿ ಕೆಮ್ಮಿ ನಿಂತಿತೋ, ದೀಪ ಆರಿಸಿದಂತೆ ಒಮ್ಮೆಗೇ ನಿಂತಿತೋ, ಬಿಸಿಯಲ್ಲೋ, ತಂಪಿನಲ್ಲೋ, ಇವನ್ನು ಯಾವ ಸ್ಕ್ಯಾನರೂ ಪೂರ್ತಿಯಾಗಿ ಹೇಳಲಾರದು, ಮಾಲೀಕನೇ ಹೇಳಬೇಕು. ಕೆಮ್ಮಿ ಕೆಮ್ಮಿ ನಿಂತದ್ದು ಬಹುಮಟ್ಟಿಗೆ ಇಂಧನದ ಕೊರತೆ. ತಟ್ಟನೆ ನಿಂತದ್ದು ಬಹುಮಟ್ಟಿಗೆ ವಿದ್ಯುತ್ತಿನ ದೋಷ. ಐದನೆಯ ತಿರುವಿನ ಆ ಸಂಸಾರದ ಗಾಡಿ ಕೆಮ್ಮಿಯೇ ನಿಂತಿತ್ತು. ಹೊರಡುವ ಮುನ್ನ ಕೆಲವು ನೂರು ರೂಪಾಯಿಗಳ ಫಿಲ್ಟರು ಬದಲಿಸಿದ್ದರೆ, ಮಳೆಯ ಕತ್ತಲಲ್ಲಿ ಅಜ್ಜಿಯನ್ನು ಬಂಡೆಯ ಪಕ್ಕ ಕೊಡೆ ಹಿಡಿಸಿ ನಿಲ್ಲಿಸುವ ಕಾಲ ಬರುತ್ತಿರಲಿಲ್ಲವೇನೋ.

ಮಳೆ ನಿಂತ ಮಾರನೆಯ ಬೆಳಗ್ಗೆ ಚಾರ್ಮಾಡಿಯಲ್ಲಿ ಬಂಡೆಬಂಡೆಗೂ ಒಂದೊಂದು ಝರಿ. ಎಂಜಿನ್ನಿನ ಮೇಲೆ ನಂಬಿಕೆಯಿದ್ದವನಿಗೆ ಮಾತ್ರ ಅವುಗಳ ಸದ್ದು ಕೇಳಿಸುತ್ತದೆ. ಉಳಿದವರ ಕಿವಿಯೆಲ್ಲ ಬಾನೆಟ್ಟಿನ ಕಡೆಗೇ ಇರುತ್ತದೆ.